ಕಿರುಬೆರಳಿನ ವ್ಯಾಪಾರ

ನಾನು ದನದ ದಲ್ಲಾಳಿ. ದೊಡ್ಡಬಳ್ಳಾಪುರದಿಂದ ದಾಬಸ್‌ಪೇಟೆವರೆಗೆ ಯಾರ ಕೊಟ್ಟಿಗೆಯ ಯಾವ ಹಸು ಎಷ್ಟು ಕರು ಹಾಕಿದೆ ಎಂದು ನಿಂತಲ್ಲೇ ಹೇಳಬಲ್ಲೆ. ಮಗಳು ಎಷ್ಟನೇ ಕ್ಲಾಸು ಎಂದು ಕೇಳಿದರೆ ಮಾತ್ರ ಹೆಂಡತಿಯ ಮುಖ ನೋಡುತ್ತೇನೆ. ಈಗ ಮೂರನೆಯದು, ವಿಚಾರಿಸಿಯೇ ಬರೆದಿದ್ದೇನೆ.

ಕಳೆದ ವರ್ಷ ಅವಳಿಗೆ ಶಾಲೆಯಲ್ಲಿ ಒಂದು ಹೋಂವರ್ಕ್ ಕೊಟ್ಟರು. ಹಾಳೆಯ ಮೇಲೆ ಅಂಗೈ ಊರಿ ಸುತ್ತ ಗೆರೆ ಎಳೆಯಬೇಕು. ಭಯವಾದಾಗ, ಬೇಜಾರಾದಾಗ ಯಾರ ಹತ್ತಿರ ಹೋಗುತ್ತೀಯೋ ಅವರನ್ನು ಒಂದೊಂದು ಬೆರಳಿನಲ್ಲಿ ಬರೆಯಬೇಕು. ಸಲಹೆ ಕೊಡುವ ಅವಕಾಶವನ್ನು ನಾನು ಬಿಟ್ಟವನಲ್ಲ. ಪಕ್ಕದಲ್ಲಿ ಕೂತೆ.

“ಕೆಲ್ಸಕ್ಕೆ ಬರೋರನ್ನ ಬರಿ ಕಣವ್ವ. ಪಂಚಾಯ್ತಿ ಮೆಂಬರ್ರು, ದನದ ಡಾಕ್ಟ್ರು...”

“ಅವ್ರಿಗೆ ನನ್ ಹೆಸ್ರೇ ಗೊತ್ತಿಲ್ಲಪ್ಪ.”

ಹೆಬ್ಬೆರಳಿಗೆ ಅಜ್ಜಿ. ತೋರುಬೆರಳಿಗೆ ಅಮ್ಮ. ನಡುಬೆರಳಿಗೆ ಬಿಸಿಯೂಟ ಬಡಿಸುವ ಆಯಮ್ಮ. ಉಂಗುರದ ಬೆರಳಿಗೆ ದಿನಾ ಕೈ ಹಿಡಿದು ರಸ್ತೆ ದಾಟಿಸುವ ಎದುರುಮನೆ ಅಕ್ಕ. ಕಿರುಬೆರಳು ನನ್ನದೇ ಎಂದು ನಾನು ಗಟ್ಟಿಯಾಗಿ ಕೂತಿರುವಾಗ ಅವಳು ಹಾಳೆ ಮಡಚಿದಳು.

ಇಷ್ಟು ವರ್ಷ ವ್ಯಾಪಾರ ಮಾಡಿದವನು ಅಷ್ಟಕ್ಕೇ ಎದ್ದು ಹೋಗುವುದುಂಟೆ? ನಮ್ಮ ಕಸುಬಿನಲ್ಲಿ ರೇಟನ್ನು ಬಾಯಲ್ಲಿ ಹೇಳುವುದಿಲ್ಲ; ಟವೆಲ್ ಹೊದಿಸಿ, ಅದರ ಕೆಳಗೆ ಎದುರಿನವನ ಬೆರಳು ಹಿಡಿದು ತಿಳಿಸುತ್ತೇವೆ. ಹೆಗಲ ಮೇಲಿದ್ದ ಟವೆಲನ್ನು ಅವಳ ಕೈಗೆ ಹೊದಿಸಿ ಕಿರುಬೆರಳು ಹಿಡಿದೆ.

“ಇದೊಂದು ನನ್ಗೆ ಬಿಟ್ಬಿಡು. ಸೈಕಲ್ ಕೊಡುಸ್ತೀನಿ.”

ಅವಳು ಕೈ ಕಿತ್ತುಕೊಂಡಳು. “ನಾನೇನ್ ಹಸುನಾ?”

ಒಳಗೆ ಮುದ್ದೆ ಕಟ್ಟುತ್ತಿದ್ದ ನಮ್ಮವ್ವ ಅಲ್ಲಿಂದಲೇ ಹೇಳಿದಳು: “ಊರ್ಗೆಲ್ಲಾ ಟೋಪಿ ಹಾಕೋನು ಮಗಿನ್ ಕೈಲಿ ಸಿಕ್ಕಾಕ್ಕೊಂಡ ನೋಡು.”

ಟವೆಲ್ ಮತ್ತೆ ಹೆಗಲಿಗೇರಿಸಿ ಕೇಳಿದೆ, “ನನ್ನ ಯಾಕವ್ವ ಬರೀಲಿಲ್ಲ?”

“ನಿನ್ಗೆ ಏನಾದ್ರೂ ಹೇಳಕ್ ಬಂದ್ರೆ ಮುಗ್ಸೋಕ್ ಮುಂಚೆನೇ ಬುದ್ಧಿ ಹೇಳ್ತೀಯ. ಆಯಮ್ಮ ಸುಮ್ನೆ ಕೇಳುಸ್ಕೊಂತಾರೆ.”

“ಏನ್ ಕೇಳುಸ್ಕೊಂಡ್ರು?”

ಜೋರಾಗಿ ಓದಲು ನಿಲ್ಲಿಸಿದರೆ ಅವಳಿಗೆ ಮಾತು ತಡೆಯುತ್ತದಂತೆ. ಹಿಂದೆ ಕೂರುವವರು ಅದನ್ನೇ ಅಣಕಿಸುತ್ತಾರಂತೆ. ಅದಕ್ಕೇ ಊಟಕ್ಕೆ ಎಲ್ಲರಿಗಿಂತ ಕೊನೆಗೆ, ಆಯಮ್ಮನ ಪಕ್ಕ ಕೂರುವುದಂತೆ. ಎರಡು ತಿಂಗಳಿಂದ ಹೀಗಿದೆ. ಕುಂಟುವ ಹಸುವನ್ನು ಫರ್ಲಾಂಗು ದೂರದಿಂದ ಗುರುತಿಸುವ ನನಗೆ ಇದು ತಿಳಿದಿರಲಿಲ್ಲ. ಅಷ್ಟರಲ್ಲೇ ನಾಲಿಗೆಯ ತುದಿಯಲ್ಲಿ ಮೂರು ಉಪಾಯ ಸಾಲುಗಟ್ಟಿದ್ದವು. ಮೂರನ್ನೂ ನುಂಗಿ, “ಆಮೇಲೆ?” ಎಂದೆ, ಅಷ್ಟೇ.

ಆಮೇಲೆ ಬೇಕಾದಷ್ಟಿತ್ತು. ಮುದ್ದೆ ಆರಿಹೋಯಿತು.

ಅಂಥ ಹಾಳೆ ನಿಮ್ಮ ಮನೆಗೂ ಬಂದರೆ ನನ್ನ ಹಾಗೆ ನಿಮ್ಮ ಹೆಸರನ್ನೇ ಹುಡುಕಬೇಡಿ. ಮಿಕ್ಕ ಹೆಸರುಗಳನ್ನು ಓದಿ. ಮಾರನೆಯ ದಿನ ನಾನು ಶಾಲೆಗೆ ಹೋಗಿ ಆಯಮ್ಮನಿಗೆ ಕೈ ಮುಗಿದೆ. ಆಕೆ ಗಾಬರಿಯಾಗಿ, “ಯಾಕ್ ಸಾರ್, ಸಾರಲ್ಲಿ ಏನಾರ ಬಿದ್ದಿತ್ತಾ?” ಎಂದರು.

ಮಗಳ ಹಾಳೆಯನ್ನು ಕ್ಲಾಸಿನ ಗೋಡೆಯ ಮೇಲೆ ಅಂಟಿಸಿದ್ದರು. ನಾಲ್ಕು ಹೆಸರು ಬಣ್ಣದ ಸ್ಕೆಚ್ ಪೆನ್ನಿನಲ್ಲಿ. ಕಿರುಬೆರಳಿನಲ್ಲಿ, ಪೆನ್ಸಿಲ್ಲಿನಲ್ಲಿ, ಸಣ್ಣಗೆ: ಅಪ್ಪ.

“ನನ್ಗ್ಯಾಕವ್ವ ಪೆನ್ಸಿಲ್ಲು?” ಎಂದು ಸಂಜೆ ಅವಳನ್ನು ಕೇಳಿದೆ.

“ಇರು, ನೋಡಣ,” ಎಂದಳು.