ಕಿಟಕಿ ಕಡೆಯ ಮಗ್ಗುಲು

ದಿಮ್ಯಾನಾ ನಮ್ಮವರ ಮೂಲ ಊರಾದ ಸೊಹಾಗ್‌ನಿಂದ ಜರ್ಸಿ ಸಿಟಿಗೆ ಬಂದದ್ದು ಚಿಕ್ಕಮ್ಮ ಸುವಾದಳ ಮೊಮ್ಮಗುವಿನ ಜ್ಞಾನಸ್ನಾನಕ್ಕೆ. ಕೆಲವು ತಿಂಗಳಿದ್ದು ಹೊರಡುವವಳು. ಸುಮ್ಮನೆ ಕೂರುವ ಹುಡುಗಿಯಲ್ಲ. ಭಾನುವಾರದ ಪೂಜೆ ಮುಗಿದೊಡನೆ ಚರ್ಚಿನ ಅಡುಗೆಮನೆಗೆ ಬಂದು ನನ್ನ ಜೊತೆ ಕಾಳು ಬಡಿಸಲು ನಿಲ್ಲುತ್ತಿದ್ದಳು. ಬಿಶೋಯ್ ಅಲ್ಲಿಗೇ ಬಂದ, ಮೂರನೇ ಸಲ ತಟ್ಟೆ ಹಿಡಿದುಕೊಂಡು.

"ನಿಂದು ಹೊಟ್ಟೆನೋ ಕೆರೆನೋ?" ಅಂದಳು.

"ಕೆರೆ ಆಗ್ಲೇ ತುಂಬಿದೆ. ಇನ್ನೇನ್ ನೆಪ ಮಾಡ್ಕೊಂಡು ಬರ್ಲಿ, ನೀನೇ ಹೇಳು."

ಬಿಶೋಯ್ ಈ ದೇಶದ ಪ್ರಜೆ, ಬಸ್ ಚಾಲಕ, ಚರ್ಚಿನವರೆಲ್ಲ ಮಾವ ಎನ್ನುವ ಫಾಯೆಜ್ ಮಾವನ ಒಬ್ಬನೇ ಮಗ. ಎರಡೂ ಮನೆಯವರು ಒಪ್ಪಿದರು. ಅವಳ ವೀಸಾ ಮುಗಿಯುವ ಮೊದಲೇ ನಗರಸಭೆಯಲ್ಲಿ ಮದುವೆಯ ಸಹಿ ಹಾಕಿ, ಕಾಯಂ ವಾಸಕ್ಕೆ ಅರ್ಜಿ ಕೊಟ್ಟರು. ನಮ್ಮವರಿಗೆ ಸಹಿ ಎಂದರೆ ಬರಿ ಸಹಿ. ಚರ್ಚಿನಲ್ಲಿ ಪಾದ್ರಿ ಇಬ್ಬರ ತಲೆಗೂ ಕಿರೀಟ ಇಟ್ಟ ಮೇಲೆಯೇ ಹುಡುಗಿ ಗಂಡನ ಮನೆಯ ಹೊಸ್ತಿಲು ದಾಟುವುದು. ಕಿರೀಟಕ್ಕೆ ಒಂದು ವಾರವಿರುವಾಗ ಬಿಶೋಯ್‌ನ ತಾಯಿ ತೀರಿಕೊಂಡಳು.

ಫಾಯೆಜ್ ಮಾವ ಕಪ್ಪು ಅಂಗಿ ತೊಟ್ಟರು. "ವರ್ಷ ತುಂಬ್ಲಿ. ಅವಳ ಮಣ್ಣು ಒಣಗೋ ಮುಂಚೆ ನನ್ನ ಮನೇಲಿ ಮದುವೆನಾ?" ಎಂದರು. ಸದ್ದಿಲ್ಲದೆ ಮಾಡಿಬಿಡೋಣ ಎಂದು ಅಬೂನಾ, ನಮ್ಮ ಪಾದ್ರಿ, ಹೇಳಿನೋಡಿದರು. ಸೊಹಾಗ್‌ನ ಹಟಮಾರಿ ಗಂಡಸು, ಕೇಳಲಿಲ್ಲ.

ಹಾಗಾದರೆ ಇಬ್ಬರೂ ಒಂದೇ ಮನೆಯಲ್ಲಾದರೂ ಇರಿ, ಇಲ್ಲದಿದ್ದರೆ ಇದು ನಿಜವಾದ ಮದುವೆ ಎಂದು ಸರ್ಕಾರ ನಂಬುವುದು ಕಷ್ಟ ಎಂದು ವಕೀಲ ಎಚ್ಚರಿಸಿದ.

"ಕಿರೀಟ ಇಲ್ದೆ? ಮೊದ್ಲು ಆ ವಕೀಲ ತನ್ನ ಮಗಳನ್ನ ಕಳಿಸ್ಲಿ, ಆಮೇಲೆ ನಮ್ಮ ಹುಡುಗೀನ ಕೇಳ್ಲಿ!" ಎಂದಳು ಸುವಾದ್. ದಿಮ್ಯಾನಾ ಚಿಕ್ಕಮ್ಮನ ಮನೆಯಲ್ಲೇ ಉಳಿದಳು.

ವಲಸೆ ಕಚೇರಿಯಿಂದ ಸಂದರ್ಶನಕ್ಕೆ ಕರೆ ಬಂದಾಗ ವರ್ಷ ಇನ್ನೂ ತುಂಬಿರಲಿಲ್ಲ. ಅವಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಮಾತು ದಾಟಿಸಲು ನಾನು ಹೋದೆ. ಅಧಿಕಾರಿ ಚಿಕ್ಕ ವಯಸ್ಸಿನವನು, ಒರಟನಲ್ಲ. ಸತ್ಯವನ್ನೇ ಹೇಳುತ್ತೇವೆಂದು ಮೂವರೂ ಕೈ ಎತ್ತಿದೆವು.

ನೀವು ಮಲಗುವಾಗ ಕಿಟಕಿ ಕಡೆ ಯಾರಿರುತ್ತೀರಿ ಎಂದು ಅವನು ಕೇಳಿದ.

ನಾನು ಅದನ್ನು ಹೇಳುತ್ತಿದ್ದಂತೆ ದಿಮ್ಯಾನಾಳ ಮುಖ ಕಿವಿಯವರೆಗೂ ಕೆಂಪೇರಿತು. "ಇವನಿಗೇನು ಅಕ್ಕತಂಗೀರಿಲ್ವಾ? ಹೇಳಿ ಅಕ್ಕಾ ಅವನಿಗೆ, ನಾನು ಚಿಕ್ಕಮ್ಮನ ಮಗ್ಗುಲಲ್ಲಿ ಮಲಗ್ತೀನಿ. ಕಿರೀಟ ಆಗ್ದೆ ಯಾವ ಮರ್ಯಾದಸ್ಥ ಹುಡುಗಿ ಗಂಡಿನ ಮನೇಲಿ ಮಲಗ್ತಾಳೆ?"

ಬಿಶೋಯ್ ಕಣ್ಣು ಮುಚ್ಚಿಕೊಂಡ. ನಾನು ಅವಳು ಹೇಳಿದ್ದನ್ನೇ ಹೇಳಿದೆ.

"ಅಂದ್ರೆ ನೀವಿಬ್ರೂ ಒಂದು ದಿನಾನೂ ಒಟ್ಟಿಗೆ ಇದ್ದಿಲ್ಲ?"

"ಇಲ್ಲ!" ಎಂದಳು, ತಲೆ ಎತ್ತಿ. ತನ್ನ ಮಾನವನ್ನು ಅವನ ಮೇಜಿನ ಮೇಲೆ ಸಾಕ್ಷಿಯಾಗಿ ಇಟ್ಟಂತೆ.

ನಂತರ ಆಕ್ಷೇಪಣೆಯ ನೋಟಿಸು ಬಂತು. ಅಬೂನಾ ಪತ್ರ ಬರೆದುಕೊಟ್ಟರು, ಸುವಾದ್ ಪ್ರಮಾಣ ಮಾಡಿದಳು. ಯಾವುದೂ ನಿಲ್ಲಲಿಲ್ಲ. ಇದು ವಾಸದ ಪರವಾನಗಿಗಾಗಿ ಮಾಡಿಕೊಂಡ ಸುಳ್ಳು ಮದುವೆ ಎಂದು ತೀರ್ಮಾನವಾಯಿತು.

ಈಗ ಫಾಯೆಜ್ ಮಾವ ತಾವೇ ಅಬೂನಾರ ಬಾಗಿಲಿಗೆ ಬಂದು ನಿಂತರು. "ನಾಳೇನೇ ಇಟ್ಬಿಡಿ ಕಿರೀಟ" ಎಂದರು. ಒಂದು ಬುಧವಾರ ಮಧ್ಯಾಹ್ನ ಕಿರೀಟವಾಯಿತು. ಡೋಲಿಲ್ಲ, ಹೆಂಗಸರ ಹರ್ಷದ ಉಲಿಯಿಲ್ಲ. ಬಿಳಿ ಉಡುಪಿನ ಮದುವಣಗಿತ್ತಿ, ಸುತ್ತ ಕಪ್ಪು ಬಟ್ಟೆಯ ನೆಂಟರು. ಹೊರಗಿನವರು ನೋಡಿದ್ದರೆ ಶವಸಂಸ್ಕಾರ ಅಂದುಕೊಳ್ಳುತ್ತಿದ್ದರು.

ಮತ್ತೆ ಅರ್ಜಿ ಹಾಕೋಣ ಎಂದ ಬಿಶೋಯ್. ವಕೀಲ ಆಗದೆಂದು ತಲೆಯಾಡಿಸಿದ. ಒಮ್ಮೆ ಸುಳ್ಳು ಮದುವೆ ಎಂದು ಬರೆದ ಮೇಲೆ ಆ ಹೆಸರಿನ ಯಾವ ಅರ್ಜಿಗೂ ಈ ದೇಶದಲ್ಲಿ ಬಾಗಿಲು ತೆರೆಯುವುದಿಲ್ಲವಂತೆ, ಎಷ್ಟು ವರ್ಷವಾದರೂ. ಮೇಲ್ಮನವಿಯೂ ಬಿದ್ದುಹೋಗಿ, ಅವಳು ದೇಶ ಬಿಡಬೇಕಾಯಿತು. ಬಿಶೋಯ್ ಅವಳೊಡನೆ ಹೋಗುವಂತಿಲ್ಲ. ಫಾಯೆಜ್ ಮಾವನ ಮೂತ್ರಪಿಂಡ ಕೆಟ್ಟಿದೆ, ರಕ್ತಶುದ್ಧಿಗೆ ಕರೆದೊಯ್ಯಲು ಬೇರೆ ಯಾರೂ ಇಲ್ಲ. ನಮ್ಮಲ್ಲಿ ಕಿರೀಟ ಇಟ್ಟ ಮೇಲೆ ತೆಗೆಯುವ, ಮದುವೆ ಮುರಿಯುವ ಪದ್ಧತಿಯೂ ಇಲ್ಲ.

ವಿಮಾನ ನಿಲ್ದಾಣದಲ್ಲಿ ಅವಳು ಅಳಲಿಲ್ಲ. ಸುವಾದ್ ಒಬ್ಬಳೇ ಎದೆ ಬಡಿದುಕೊಳ್ಳುತ್ತಿದ್ದಳು: "ನಾನೇ ಹಿಡಿದಿಟ್ಕೊಂಡೆ ನಿನ್ನ, ಮಗಳೇ, ನಾನೇ!" ದಿಮ್ಯಾನಾ ಅವಳ ಕೈ ಹಿಡಿದು ನಿಲ್ಲಿಸಿದಳು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು:

"ಕಿಟಕಿ ಕಡೆ ನಾನು, ಅಕ್ಕಾ. ಅವನಿಗೆ ಬಾಗಿಲ ಕಡೆ ಬೇಕು, ಬೆಳಗ್ಗೆ ಬೇಗ ಏಳ್ತಾನಲ್ಲ."

ಯಾರಿಗೆ ಹೋಗಿ ಹೇಳಲಿ ನಾನು ಅದನ್ನು?