ಬೆಂಚಿನ ಮೇಲೆ ಕಲಿತ ಉತ್ತರ

ಡಾಕ್ಟರ ಕೋಣೆಗೆ ಅಂಟಿಕೊಂಡಂತೆ ಒಂದು ಗೂಡಿದೆ. ಮೊದಲು ಅಲ್ಲಿ ಹಳೆಯ ಫೈಲುಗಳನ್ನು ಒಟ್ಟುತ್ತಿದ್ದರು. ಹನ್ನೊಂದು ವರ್ಷದಿಂದ ಅಲ್ಲಿ, ರೋಗಿಗಳೆಲ್ಲ ಪಾಠದಕ್ಕ ಎಂದು ಕರೆಯುವ ಹೆಂಗಸು ಕೂತಿದ್ದಾಳೆ. ಅವಳು ಓದಿದ್ದು ನರ್ಸಿಂಗ್, ಮಾಡುವುದು ಮಾತಿನ ಕೆಲಸ. ಲೂಪಸ್ ಇದೆ ಎಂದು ಡಾಕ್ಟರು ಐದು ನಿಮಿಷದಲ್ಲಿ ಹೇಳಿ ಕಳಿಸಿದವರನ್ನು ಅವಳು ಎದುರಿಗೆ ಕೂರಿಸಿಕೊಂಡು, ಯಾವ ಔಷಧಿಯಿಂದ ಏನು ಲಾಭ, ಏನು ಕೇಡು ಎಂದು ಬಿಡಿಸಿ ಹೇಳಬೇಕು. ಆಮೇಲೆ ಅವರೇ ತಿಳಿದು ಆರಿಸಬೇಕು.

"ಬೇಲಿನೇ ಎದ್ದು ಹೊಲ ಮೇಯ್ದ ಹಾಗೆ ಕಣಮ್ಮ ಇದು," ಎಂದು ಶುರುಮಾಡುತ್ತಿದ್ದಳು. "ಮೈ ಕಾಯಬೇಕಾದ ಶಕ್ತಿನೇ ಮೈ ಮೇಲೆ ತಿರುಗಿ ಬೀಳುತ್ತೆ."

ಈ ಹಟ ಅವಳಿಗೆ ಸುಮ್ಮನೆ ಬಂದದ್ದಲ್ಲ. ಒಡಹುಟ್ಟಿದ ಅಕ್ಕನಿಗೂ ಇದೇ ಕಾಯಿಲೆಯಿತ್ತು. ಯಾವ ಮಾತ್ರೆ, ಯಾಕೆ ಎಂದು ಆ ಅಕ್ಕನಿಗೆ ಯಾರೂ ಹೇಳಲಿಲ್ಲ. "ದೊಡ್ಡವರು ಹೇಳಿದ್ದಕ್ಕೆ ಹೂಂ ಅನ್ನು," ಎಂದಿದ್ದರು ಅಪ್ಪ. ಅವಳು ಹೂಂ ಅನ್ನುತ್ತಲೇ ಮೂವತ್ತಕ್ಕೆ ಕಣ್ಣು ಮುಚ್ಚಿದಳು. ತನ್ನ ಗೂಡಿನಲ್ಲಿ ಯಾರೂ ಬರೀ ಹೂಂ ಅಂದು ಎದ್ದು ಹೋಗಬಾರದು ಎಂದು ಪಾಠದಕ್ಕ ಅಂದೇ ತೀರ್ಮಾನಿಸಿದ್ದಳು.

ಅದಕ್ಕೇ ಅವಳದೊಂದು ಪದ್ಧತಿ. ಎಲ್ಲ ವಿವರಿಸಿದ ಮೇಲೆ, "ಈಗ ನಿಮ್ಮ ಮಾತಲ್ಲಿ ಹೇಳಿ ನೋಡೋಣ," ಎನ್ನುವಳು. ಸರಿಯಾಗಿ ಹೇಳಿದರೆ ಒಪ್ಪಿಗೆ ಪತ್ರಕ್ಕೆ ರೋಗಿಯ ಸಹಿ, ತಪ್ಪಿದರೆ ಮತ್ತೆ ಮೊದಲಿನಿಂದ. ಮನೆಯಲ್ಲಿ ಗಂಡ ಗೋಳಾಡುತ್ತಿದ್ದ: "ತರಕಾರಿಗೆ ಕಳಿಸಿದರೂ ನನ್ನ ಬಾಯಲ್ಲಿ ಪಟ್ಟಿ ಒಪ್ಪಿಸಿಕೊಂಡೇ ಚೀಲ ಕೊಡ್ತಾಳೆ!" ಅವಳಿಗೆ ಅದೂ ಹೆಮ್ಮೆಯೇ. ಈಚಿನ ವರ್ಷಗಳಲ್ಲಂತೂ ರೋಗಿಗಳು ಮೊದಲ ಸಲಕ್ಕೇ ಪಟಪಟನೆ ಹೇಳಿಬಿಡುತ್ತಿದ್ದರು. ಕಾಲ ಬದಲಾಗಿದೆ, ಜನ ತಿಳಿದುಕೊಂಡು ಬರುತ್ತಿದ್ದಾರೆ ಎಂದು ಬೀಗಿದಳು.

ಹೊಲಿಗೆ ಅಂಗಡಿಯ ಹುಡುಗಿ ಬಂದದ್ದು ಆಗಲೇ. ಇಪ್ಪತ್ತೈದು ವಯಸ್ಸು, ಮದುವೆಯಾಗಿ ಎರಡು ವರ್ಷ, ಲೂಪಸ್‌ನಿಂದ ಕಿಡ್ನಿಗೆ ಪೆಟ್ಟು ಬಿದ್ದಿತ್ತು. ಡ್ರಿಪ್ಪಿನಲ್ಲಿ ಕೊಡುವ ಔಷಧಿ ಒಂದು, ದಿನಾ ನುಂಗುವ ಮಾತ್ರೆ ಇನ್ನೊಂದು. ಹುಡುಗಿ ಎಲ್ಲ ಕೇಳಿಸಿಕೊಂಡು, ಗೋಡೆ ಗಡಿಯಾರದ ಕಡೆ ಒಮ್ಮೆ ನೋಡಿ, ನೀರು ಕುಡಿದ ಹಾಗೆ ಒಪ್ಪಿಸಿದಳು.

"ಡ್ರಿಪ್ಪಿಂದ ಮುಂದೆ ಮಕ್ಕಳಾಗದೆ ಇರಬಹುದು. ಮಾತ್ರೆ ತಗೊಳ್ಳೋವಾಗ ಗರ್ಭ ನಿಲ್ಲಬಾರದು. ನಮ್ಮಷ್ಟಕ್ಕೆ ನಾವು ನಿಲ್ಲಿಸಬಾರದು. ನಂಗೆ ಮಾತ್ರೆನೇ ಸಾಕು, ಮಕ್ಕಳ ಯೋಚನೆ ಇಲ್ಲ."

"ಜಾಣೆ ಕಣೆ ನೀನು," ಎಂದಳು ಪಾಠದಕ್ಕ. ಅವಳ ಕಡತದಲ್ಲಿ ನಾಲ್ಕು ಹಾಳೆ. ನಾಲ್ಕನೆಯದು ಮಗು ಬೇಕೆನ್ನುವವರಿಗೆ: ಮೊದಲು ಕಾಯಿಲೆ ತಣ್ಣಗಾಗಲಿ, ಆಮೇಲೆ ಬಸಿರಿಗೆ ತೊಂದರೆ ಮಾಡದ ಮಾತ್ರೆಗೆ ಬದಲಿಸಿಕೊಳ್ಳಬಹುದು, ಅಲ್ಲಿಯವರೆಗೆ ಕಾಯಬೇಕು ಎಂಬ ವಿವರ. ಬೇಡ ಅಂದವಳಿಗೆ ಅದೇಕೆ ಎಂದು ಆ ಹಾಳೆಯನ್ನು ತೆರೆಯಲೇ ಇಲ್ಲ.

ಎಂಟು ತಿಂಗಳ ನಂತರ ಹುಡುಗಿಯನ್ನು ವಾರ್ಡಿಗೆ ಹೊತ್ತು ತಂದರು. ಮುಖ, ಕಾಲು ಊದಿಕೊಂಡಿದ್ದವು. ರಕ್ತ ಶುದ್ಧಿ ಮಾಡುವ ಯಂತ್ರಕ್ಕೆ ಹಾಕಿದ್ದರು. ಐದು ತಿಂಗಳಿಂದ ಮಾತ್ರೆಯನ್ನೇ ಮುಟ್ಟಿರಲಿಲ್ಲವಂತೆ. ಕಿಡ್ನಿ ಇನ್ನು ಚೇತರಿಸುವುದಿಲ್ಲ ಎಂದ ಡಾಕ್ಟರು, "ನೀವು ಎಲ್ಲ ವಿವರಿಸಿದ್ರಿ ತಾನೇ?" ಎಂದು ಕೇಳಿದರು.

"ಸಹಿ ಇದೆ ಸಾರ್."

ಸುದ್ದಿ ಕೇಳಿದೊಡನೆ ಅವಳು ಓಡಿದ್ದು ವಾರ್ಡಿಗಲ್ಲ, ಸಹಿ ಹುಡುಕಲು ಕಪಾಟಿಗೆ. ಆಮೇಲೆ ವಾರ್ಡಿನ ಮೆಟ್ಟಿಲು ಹತ್ತುವಾಗ ಅದು ಹೊಳೆದು ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ಯಾಕಮ್ಮ ಮಾತ್ರೆ ಬಿಟ್ಟೆ?"

"ಮಗು ಬೇಕಿತ್ತು ಅಕ್ಕ. ಮಾತ್ರೆ ತಗೊಂಡ್ರೆ ಬಸಿರಾಗಬಾರದು ಅಂದಿದ್ರಲ್ಲ, ಅದಕ್ಕೇ ಬಿಟ್ಟೆ."

"ಬೇಡ ಅಂದಿದ್ದೆಯಲ್ಲೇ!"

"ಅದು ದೊಡ್ಡಮ್ಮ ಹೇಳಿಕೊಟ್ಟಿದ್ದು."

ದೊಡ್ಡಮ್ಮ ಎಂದರೆ ಕ್ಲಿನಿಕ್ಕಿನ ಹಳೆಯ ರೋಗಿ, ಶಾಲೆಯೊಂದರ ಆಯಾ. ವರ್ಷಗಳ ಹಿಂದೆ ಅವಳು ಹೇಳಿದ ಉತ್ತರ ಕೇಳಿ ಪಾಠದಕ್ಕ ಎಲ್ಲರೆದುರು ಹೊಗಳಿದ್ದಳು. ಅವತ್ತಿನಿಂದ ಆ ತಾಯಿ ಹೊರಗಿನ ಬೆಂಚಿನ ಮೇಲೆ ಕೂತು, ಹೊಸಬರಿಗೆ ಅದೇ ಉತ್ತರವನ್ನು ಬಾಯಿಪಾಠ ಮಾಡಿಸುತ್ತಿದ್ದಳಂತೆ. ಕೆಟ್ಟ ಬುದ್ಧಿಯಿಂದಲ್ಲ, ಬಡಪಾಯಿಗಳು ಬೇಗ ಪಾಸಾಗಿ ಮನೆ ಸೇರಲಿ ಎಂಬ ಕರುಣೆಯಿಂದ. ಮಕ್ಕಳ ಯೋಚನೆ ಇಲ್ಲ ಎಂಬುದು ಅವಳ ಮಟ್ಟಿಗೆ ನಿಜವೇ ಆಗಿತ್ತು, ಅವಳ ಇಬ್ಬರು ಗಂಡುಮಕ್ಕಳಿಗೆ ಮೀಸೆ ಬಂದಿತ್ತು.

"ಮಕ್ಕಳು ಬೇಕು ಅಂದ್ರೆ ಇನ್ನೂ ಅರ್ಧ ಗಂಟೆ ಕೂರಿಸ್ತಾರೆ, ಬೇಡ ಅಂದುಬಿಡು ಅಂದ್ರು," ಹುಡುಗಿ ಹೇಳಿದಳು. "ಎರಡು ಗಂಟೆಗೆ ನಾನು ಅಂಗಡೀಲಿ ಇರಬೇಕಿತ್ತು. ನೀವೂ ಜಾಣೆ ಅಂದ್ರಿ, ಖುಷಿಯಾಯ್ತು."

ಕಪಾಟಿನ ತುಂಬ ಸಹಿಗಳಿದ್ದವು. ಅವುಗಳಲ್ಲಿ ತಿಳಿದು ಹಾಕಿದ್ದು ಯಾವುದು, ಬೆಂಚಿನ ಮೇಲೆ ಕಲಿತು ಹಾಕಿದ್ದು ಯಾವುದು ಎಂದು ಇನ್ನು ಆ ದೇವರೂ ಹೇಳಲಾರ. ಅಪ್ಪ ಕಲಿಸಿದ್ದು ಒಂದೇ ಅಕ್ಷರದ ಹೂಂ. ತಾನು ಅದನ್ನೇ ನಾಲ್ಕು ವಾಕ್ಯ ಮಾಡಿ ಕಲಿಸಿದ್ದೆ ಎಂದು ಪಾಠದಕ್ಕನಿಗೆ ಅನಿಸಿತು.

"ಅಕ್ಕ," ಹುಡುಗಿ ಅವಳ ಮುಂಗೈ ಹಿಡಿದುಕೊಂಡಳು. "ಅವತ್ತು ನಿಜ ಹೇಳಿದ್ರೆ ಬೇರೆ ದಾರಿ ಇತ್ತಾ? ಕಾಯಿಲೇನೂ ಹತೋಟಿಗೆ ಬಂದು, ಮಗುನೂ ಆಗೋ ಅಂಥದ್ದು?"

ಆ ನಾಲ್ಕನೆಯ ಹಾಳೆಯಿದ್ದ ಕಡತ ಕಂಕುಳಲ್ಲೇ ಇತ್ತು. ರೋಗಿಗೆ ಎಲ್ಲವನ್ನೂ ಹೇಳಬೇಕು ಎಂದು ಹನ್ನೊಂದು ವರ್ಷ ಊರಿಗೆಲ್ಲ ಸಾರಿದವಳು ಅದನ್ನು ಇನ್ನಷ್ಟು ಒತ್ತಿ ಹಿಡಿದಳು.

"ಇರಲಿಲ್ಲ ಕಣಮ್ಮ."

ಇದು ಹುಡುಗಿಯ ಮೇಲಿನ ಕನಿಕರ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಅರ್ಧ ನಿಜವಿರಬಹುದು. ಉಳಿದರ್ಧ ಬರೀ ಹೆದರಿಕೆ.

ಹುಡುಗಿಯ ಮುಖ ಸಡಿಲವಾಯಿತು. "ಸದ್ಯ! ನಾನೇ ನನ್ನ ಕೈಯಾರೆ ಹಾಳುಮಾಡಿಕೊಂಡೆ ಅಂತ ಕೊರಗ್ತಿದ್ದೆ. ಡಾಕ್ಟರನ್ನ ಕೇಳೋಣ ಅಂತಿದ್ದೆ. ನೀವೇ ಹೇಳಿದ ಮೇಲೆ ಮುಗೀತು, ಇನ್ನು ಯಾರನ್ನೂ ಕೇಳಲ್ಲ ಅಕ್ಕ."