ಸಾಹಿತ್ಯದ ಕಪಾಟಿಗೆ ಬಂದ ಪಂಪುಗಳು

ಹೊಸೂರಿನಿಂದ ಕೃಷ್ಣಗಿರಿಗೆ ಹೋಗುವ ಹೆದ್ದಾರಿಯ ಪಕ್ಕ, ಮಾವಿನ ತೋಪು ಕಡಿದು ಕಟ್ಟಿದ ಒಂದು ಖಾಸಗಿ ವಿಶ್ವವಿದ್ಯಾಲಯವಿದೆ. ಅದರ ಗ್ರಂಥಾಲಯದಲ್ಲಿ ರಂಜಿನಿ ಸಾಹಿತ್ಯದ ವಿಷಯ ತಜ್ಞೆ. ಅಂದರೆ ಸಾಹಿತ್ಯದ ಪುಸ್ತಕ ಆರಿಸಿ ತರಿಸುವುದು, ವಿಂಗಡಿಸಿ ಜೋಡಿಸುವುದು, ಕೇಳಿಕೊಂಡು ಬಂದವರಿಗೆ ಏನು ಓದಬೇಕೆಂದು ಹೇಳುವುದು ಅವಳ ಕೆಲಸ. ಕೇಳಿಕೊಂಡು ಯಾರೂ ಬರುವುದಿಲ್ಲ ಎನ್ನುವುದು ಬೇರೆ ಮಾತು. ಅಲ್ಲಿರುವವರಲ್ಲಿ ಹೆಚ್ಚಿನವರೆಲ್ಲ ಎಂಜಿನಿಯರಿಂಗ್ ಹುಡುಗರು. ಅವರ ಪಾಲಿಗೆ ಗ್ರಂಥಾಲಯವೆಂದರೆ ಫ್ಯಾನಿನ ಕೆಳಗೆ ಕೂತು ಫೋನು ಚಾರ್ಜಿಗೆ ಹಾಕುವ ಜಾಗ.

ಅಪ್ಪಿತಪ್ಪಿ ಯಾರಾದರೂ ಕಥೆ ಕಾದಂಬರಿ ಕೇಳಿದರೆ ರಂಜಿನಿ ಕನ್ನಡಕದ ಮೇಲಿಂದ ದಿಟ್ಟಿಸುತ್ತಿದ್ದಳು. ಯಾಕೆ ಬೇಕು, ಇದಕ್ಕೆ ಮೊದಲು ಏನು ಓದಿದ್ದೀಯ ಎಂದು ವಿಚಾರಿಸುತ್ತಿದ್ದಳು. ಎದುರಿನವರು ತಡವರಿಸಿದರೋ, "ಗೈಡುಗಳು ಆ ಕಡೆ ಇವೆ" ಎಂದು ಬಾಗಿಲ ಬಳಿಯ ಕಪಾಟು ತೋರಿಸಿ ಕೈತೊಳೆದುಕೊಳ್ಳುತ್ತಿದ್ದಳು. ಓದುಗರನ್ನು ಅಳೆಯುವುದೂ ತಜ್ಞರ ಕೆಲಸವೆಂದು ಅವಳ ನಂಬಿಕೆ. ಹಾಗೆ ಅಳೆದೂ ಅಳೆದೂ ಒಬ್ಬರನ್ನೂ ಉಳಿಸಿಕೊಂಡಿರಲಿಲ್ಲ.

ಆದರೆ ಒಂದು ಕಪಾಟಿನ ಮೇಲೆ ಅವಳಿಗೆ ಪ್ರಾಣ. ಅದು ಕನ್ನಡದ ಕಪಾಟು. ಈ ಸೀಮೆಯ ಹಳೆಯ ಮನೆಗಳಲ್ಲಿ ಮಾತು ಕನ್ನಡದ್ದು, ಶಾಲೆ ತಮಿಳಿನದು. ಓದು ಬಲ್ಲ ಹಿರಿಯರು ತೀರಿಕೊಂಡರೆ ಅವರ ಪುಸ್ತಕಗಳನ್ನು ಮೊಮ್ಮಕ್ಕಳು ಹಳೆಯ ಪಂಚೆಯಲ್ಲಿ ಗಂಟು ಕಟ್ಟಿ ಅಟ್ಟಕ್ಕೆ ಎಸೆಯುತ್ತಾರೆ. ಅಂಥ ಗಂಟುಗಳನ್ನು ಮನೆಮನೆಗೆ ಹೋಗಿ ಕಾಡಿ ಬೇಡಿ ತಂದು, ಗೆದ್ದಲು ಕೊಡವಿ, ಹರಿದ ಬೆನ್ನಿಗೆ ಬಟ್ಟೆ ಅಂಟಿಸಿ ರಂಜಿನಿ ಆ ಕಪಾಟು ತುಂಬಿಸಿದ್ದಳು. ಅವಳಿಗೂ ಕನ್ನಡದ ಅಕ್ಷರ ಶಾಲೆಯಿಂದ ಬಂದದ್ದಲ್ಲ, ಅಜ್ಜಿ ಅಂಬುಜಮ್ಮ ಸ್ಲೇಟಿನ ಮೇಲೆ ಕೈಹಿಡಿದು ತಿದ್ದಿಸಿದ್ದು.

ಆ ಕಪಾಟಿನ ಮೇಲೆ ರಿಜಿಸ್ಟ್ರಾರ್ ಶ್ರೀನಿವಾಸನ ಕಣ್ಣು ಬಿತ್ತು. ಈತ ಮತ್ತಿಗಿರಿಯವನು, ಮೊದಲು ಕಾರ್ಖಾನೆಯೊಂದರಲ್ಲಿ ಸರಕು ಸಾಗಿಸುವ ವಿಭಾಗ ನೋಡಿಕೊಳ್ಳುತ್ತಿದ್ದವನು. ವಿಶ್ವವಿದ್ಯಾಲಯದ ಯಜಮಾನರ ನೆಂಟ ಅನ್ನುವ ಅರ್ಹತೆಯ ಮೇಲೆ ರಿಜಿಸ್ಟ್ರಾರನಾದ. ಪುಸ್ತಕವೂ ಅವನಿಗೆ ಸರಕೇ. ಗೇಟು ದಾಟಿ ಹೊರಗೆ ಹೋದರೆ ಮಾತ್ರ ಲೆಕ್ಕ.

"ಮೇಡಮ್, ನಿಮ್ ಕನ್ನಡ ಬೀರುವಿಂದ ಒಂದ್ ಬುಕ್ಕೂ ಆಚೆ ಹೋಗಿಲ್ಲ. ಪೊಂಗಲ್ ಆದ್ಮೇಲೆ ಇನ್ಸ್‌ಪೆಕ್ಷನ್ ಕಮಿಟಿ ಬತ್ತದೆ. ಅಷ್ಟೊತ್ಗೆ ಇಶ್ಯೂ ತೋರಿಸ್ದಿದ್ರೆ ಎಲ್ಲಾ ಗೋಡೌನಿಗೆ ಹಾಕ್ಬುಟ್ಟು ಕಾಫಿ ಮಿಷಿನ್ ಇಡ್ತೀನಿ."

"ಇದೇನು ಬಟ್ಟೆ ಅಂಗಡಿನಾ ಸಾರ್, ಸೇಲ್ ಆಗ್ಲಿಲ್ಲ ಅಂತ ಒಳಗೆ ಎತ್ತಿಡೋಕೆ?"

"ಬಟ್ಟೆ ಅಂಗ್ಡಿಗಾದ್ರೂ ಜನ ಬತ್ತಾರೆ ಮೇಡಮ್."

ಮರುದಿನವೇ ಕ್ಲಾಸು ಕ್ಲಾಸಿಗೂ ಟಾರ್ಗೆಟ್ ಬಂತು. ಪ್ರತಿಯೊಬ್ಬರೂ ಒಂದೊಂದು ಸಾಹಿತ್ಯದ ಪುಸ್ತಕ ಒಯ್ಯಬೇಕು, ಇಲ್ಲದಿದ್ದರೆ ಹಾಲ್ ಟಿಕೆಟ್ ಇಲ್ಲ. ಹುಡುಗರು ರೇಷನ್ ಅಂಗಡಿಗೆ ಬಂದಂತೆ ಸಾಲು ನಿಂತರು. ಯಾವ ಭಾಷೆ, ಯಾವ ಪುಸ್ತಕ, ಯಾರಿಗೆ ಬೇಕು? ತೆಳ್ಳಗಿದ್ದರೆ ಸಾಕು. "ವೆಯ್ಟ್ ಕಮ್ಮಿ ಇರೋದು ಕೊಡಿ ಮೇಡಮ್" ಎಂದ ಒಬ್ಬ, ಬ್ಯಾಗು ತೆರೆದು ಹಿಡಿದು. ರಂಜಿನಿಗೆ ಮೈಯೆಲ್ಲ ಉರಿಯಿತು. ಪಂಚೆಯ ಗಂಟು ಬಿಚ್ಚಿ ತಂದ ಪುಸ್ತಕಗಳು ಹೀಗೆ ಲಂಚ್ ಬಾಕ್ಸಿನ ಪಕ್ಕ ಸೇರುವುದನ್ನು ನೋಡುತ್ತ ಒಂದೊಂದಕ್ಕೂ ಠಸ್ಸೆ ಕುಟ್ಟಿದಳು.

ಸಾಲಿನ ಕೊನೆಯಲ್ಲಿ ಸಿಂಧು ಅನ್ನುವ ಹುಡುಗಿ ಇದ್ದಳು. ಬಾಗಲೂರು ಕಡೆಯವಳು, ಎಲೆಕ್ಟ್ರಾನಿಕ್ಸ್ ಓದುತ್ತಿದ್ದಳು.

"ಮೇಡಮ್, ಕನ್ನಡ್ದಾಗೆ ದೊಡ್ ಅಕ್ಷರದ್ದು ಐತಾ?"

"ನಿನಗೆ ಕನ್ನಡ ಓದೋಕೆ ಬರುತ್ತಾ?"

"ಇಲ್ಲ ಮೇಡಮ್."

"ಮತ್ತೆ ಅಕ್ಷರ ದೊಡ್ಡದಾದ್ರೇನು, ಚಿಕ್ಕದಾದ್ರೇನು? ಸಾರಿನ ಪಾತ್ರೆ ಕೆಳಗೆ ಇಡೋಕೆ ಯಾವುದಾದ್ರೂ ಆಗುತ್ತೆ ಬಿಡು." ಸುತ್ತಲಿದ್ದವರು ನಕ್ಕರು. ಹುಡುಗಿ ಇನ್ನೇನೋ ಹೇಳಬೇಕೆಂದಿದ್ದವಳು ಸುಮ್ಮನಾದಳು. ರಂಜಿನಿ ಕೈಗೆ ಸಿಕ್ಕ ಒಂದು ಹಳೆಯ ಕಥೆಪುಸ್ತಕ ತಳ್ಳಿದಳು. ಅಕ್ಷರವೇನೋ ದೊಡ್ಡದಾಗಿಯೇ ಇತ್ತು.

ಶ್ರೀನಿವಾಸನ ಆನಂದಕ್ಕೆ ಪಾರವೇ ಇರಲಿಲ್ಲ. ಪೊಂಗಲ್ ರಜೆಗೆ ಹುಡುಗರು ಊರಿಗೆ ಹೋದರು, ಪುಸ್ತಕಗಳೂ ಜೊತೆಯಲ್ಲೇ ಹೋದವು. ಕಮಿಟಿ ಬರುವ ಹಿಂದಿನ ದಿನ ಅಲಂಕಾರ ನೋಡಲು ಬಂದವನು ಕನ್ನಡದ ಕಪಾಟಿನೆದುರು ನಿಂತು ಬಾಯಿ ತೆರೆದ. ಪೂರ್ತಿ ಖಾಲಿ. ಎಲ್ಲವನ್ನೂ ಹೊರಗೆ ಕಳಿಸಿದರೆ ಒಳಗೆ ಏನೂ ಉಳಿಯುವುದಿಲ್ಲವೆಂಬ ಸಂಗತಿ ಅಷ್ಟು ದೊಡ್ಡ ಆಡಳಿತದಲ್ಲಿ ಒಬ್ಬರ ತಲೆಗೂ ಹೊಳೆದಿರಲಿಲ್ಲ.

ಮೆಕ್ಯಾನಿಕಲ್ ವಿಭಾಗದ ಅಟ್ಟದಲ್ಲಿ ನೀರೆತ್ತುವ ಪಂಪುಗಳ ಹಳೆಯ ಕ್ಯಾಟಲಾಗುಗಳಿದ್ದವು. ಕೆಂಪು ರಟ್ಟು, ಬಂಗಾರದ ಬಣ್ಣದ ಗೆರೆ. ನೋಡಿದವರು ಕೈಮುಗಿಯಬೇಕು, ಅಂಥ ಗಾಂಭೀರ್ಯ. ಸಂಜೆಯೊಳಗೆ ಅವು ಕಪಾಟಿನಲ್ಲಿ ಕೂತವು.

"ಯಾರಾದ್ರೂ ಕೇಳಿದ್ರೆ ನೀವೇ ಏನಾದ್ರೂ ಹೇಳ್ಬುಡಿ. ತಜ್ಞರು ನೀವು ತಾನೆ?" ಎಂದ ಶ್ರೀನಿವಾಸ್. "ಕಮಿಟಿ ಒಪ್ಪಿದ್ರೆ ಬೀರು ನಿಮ್ದೇ. ಇಲ್ದಿದ್ರೆ ಕಾಫಿ."

ಮರುದಿನ ಬಂದ ಕಮಿಟಿಯಲ್ಲಿ ಕನ್ನಡ ಬಲ್ಲ ಪ್ರಾಧ್ಯಾಪಕಿಯೊಬ್ಬರಿದ್ದರು. ಅವರು ನೆಟ್ಟಗೆ ಆ ಕಪಾಟಿಗೇ ಹೋಗಿ ಒಂದು ಸಂಪುಟ ತೆರೆದರು. "ಇದೇನಮ್ಮಾ? ಕನ್ನಡ ಸಾಹಿತ್ಯ ಅಂತ ಬರೆದಿದೆ, ಒಳಗೆ ಬರೀ ಪಂಪು!"

ಪುಸ್ತಕಗಳೆಲ್ಲ ಜನರ ಮನೆಯಲ್ಲಿವೆ ಮೇಡಮ್, ಎಂದಿದ್ದರೆ ಮುಗಿಯುತ್ತಿತ್ತು. ಅದು ನಿಜವೂ ಆಗಿತ್ತು, ಯಾವ ಗ್ರಂಥಾಲಯಕ್ಕೂ ಅದಕ್ಕಿಂತ ಹೆಮ್ಮೆಯ ಉತ್ತರವಿಲ್ಲ. ಆದರೆ ರಂಜಿನಿಗೆ ಆ ಮಾತು ನೆನಪಿಗೇ ಬರಲಿಲ್ಲ. ಆ ಪುಸ್ತಕಗಳು ಸಾರಿನ ಪಾತ್ರೆಯ ಕೆಳಗಿವೆ ಎಂದು ಅವಳು ಯಾವತ್ತೋ ತೀರ್ಮಾನಿಸಿಬಿಟ್ಟಿದ್ದಳು. ಹೇಳಿದಳು:

"ಇದು ಪ್ರಾದೇಶಿಕ ತಾಂತ್ರಿಕ ಸಾಹಿತ್ಯ ಮೇಡಮ್. ಈ ಭಾಗದ ಜನಜೀವನಕ್ಕೂ ನೀರಿಗೂ ಇರೋ ಸಂಬಂಧದ ದಾಖಲೆ."

ಇಷ್ಟು ವರ್ಷ ಎಲ್ಲರ ಅಜ್ಞಾನಕ್ಕೆ ಮೂಗು ಮುರಿದವಳ ಬಾಯಲ್ಲಿ ಎಂಥ ಮಾತು! ಪ್ರಾಧ್ಯಾಪಕಿ ಹುಬ್ಬೇರಿಸಿದರು. ಪಕ್ಕದಲ್ಲಿದ್ದ ಅಧ್ಯಕ್ಷರು ಮಾತ್ರ "ವೆರಿ ಗುಡ್, ವೆರಿ ಗುಡ್" ಎಂದು ತಲೆದೂಗಿ ಊಟದ ಕಡೆ ನಡೆದರು. ವರದಿಯಲ್ಲಿ ಅಪರೂಪದ ಸಂಗ್ರಹವೆಂದು ಹೊಗಳಿಕೆ ಬಂತು. ಶ್ರೀನಿವಾಸ್ ಕಪಾಟಿಗೆ ಗಾಜಿನ ಬಾಗಿಲು ಹಾಕಿಸಿ, ಬೀಗ ಜಡಿದು, ಮೇಲೊಂದು ಫಲಕ ತೂಗುಹಾಕಿಸಿದ. ಅದರಲ್ಲಿ ಸಂಗ್ರಹದ ಹೆಸರು ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಇತ್ತು, ಕೆಳಗೆ ತಜ್ಞೆ ರಂಜಿನಿಯ ಹೆಸರಿತ್ತು.

ರಜೆ ಮುಗಿಸಿ ಹುಡುಗರು ಪುಸ್ತಕ ಹಿಂದಿರುಗಿಸತೊಡಗಿದರು. ಇಡಲು ಜಾಗವಿರಲಿಲ್ಲ. "ದಾಖಲೆ ಅಂತ ನೀವೇ ಹೇಳಿದ್ದು, ಈಗ ತೆಗಿ ಅಂದ್ರೆ ಹೆಂಗೆ ಮೇಡಮ್?" ಎಂದ ಶ್ರೀನಿವಾಸ್. ಕನ್ನಡದ ಪುಸ್ತಕಗಳು ಗೋಣಿಚೀಲ ಸೇರಿ, ಮುರಿದ ಬೆಂಚುಗಳ ಜೊತೆ ಗೋಡೌನಿಗೆ ಹೋದವು. ಪಂಚೆಯ ಗಂಟಿನಿಂದ ಬಂದವು ಗೋಣಿಯ ಗಂಟಿಗೆ ಹೋದವು, ಕಟ್ಟಿಕೊಟ್ಟವಳು ಅವಳೇ.

ಎಲ್ಲರೂ ಕೊಟ್ಟು ಮುಗಿದ ಮೇಲೆ ಸಿಂಧು ಬಂದಳು. ಪುಸ್ತಕಕ್ಕೆ ಕ್ಯಾಲೆಂಡರಿನ ಹಾಳೆಯಿಂದ ಹೊಸ ಹೊದಿಕೆ ಹಾಕಿತ್ತು.

"ಮೇಡಮ್, ಇನ್ನೊಂದು ಬೇಕು, ಇಂಗೇ ದೊಡ್ ಅಕ್ಷರದ್ದು. ನಮ್ ತಾತ ಮುನಿಯಲ್ಲಪ್ಪ ಅಂತ, ಆಗಿನ ಕಾಲ್ದಾಗೆ ಕನ್ನಡ ಇಸ್ಕೂಲ್ನಾಗೆ ಓದ್ದೋರು. ಕಣ್ಣು ಸರ್ಯಾಗ್ ಕಾಣ್ಸಲ್ಲ. ಹಬ್ಬದಾಗೆ ಜಗ್ಲಿ ಮ್ಯಾಲೆ ಕೂತ್ಕಂಡು ಜೋರಾಗಿ ಓದಿದ್ರು, ಪಕ್ಕದ್ಮನೆಯೋರೆಲ್ಲ ಬಂದ್ ಕೇಳಿದ್ರು. ಇನ್ನೂ ಐತಾ ಕೇಳ್ಕಂಡ್ ಬಾ ಅಂದವ್ರೆ."

ಸಿಂಧು ಕಪಾಟಿನ ಕಡೆ ತಿರುಗಿ ಗಾಜಿನ ಹಿಂದಿನ ಕೆಂಪು ಸಾಲು ನೋಡಿದಳು, ಫಲಕ ಓದಿದಳು.

"ಕಥೆ ಬುಕ್ಕೆಲ್ಲ ಎಲ್ಲಿ?"

"ಗೋಡೌನಿನಲ್ಲಿ."

ಹುಡುಗಿ ಮೇಜಿನ ಮೇಲಿಟ್ಟ ಪುಸ್ತಕವನ್ನು ಮತ್ತೆ ಬ್ಯಾಗಿಗೆ ಹಾಕಿಕೊಂಡಳು. "ಅಂಗಾದ್ರೆ ಇದ್ನ ವಾಪಸ್ ಕೊಡಲ್ಲ ಮೇಡಮ್. ನಮ್ ತಾತನ್ ತಾವೇ ಇರ್ಲಿ." ಆಮೇಲೆ ರಂಜಿನಿಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. ಆ ನೋಟ ರಂಜಿನಿಗೆ ಚೆನ್ನಾಗಿ ಗೊತ್ತಿತ್ತು, ಅದು ಅವಳದೇ.

"ನಿಮ್ಗೆ ಕನ್ನಡ ಓದೋಕೆ ಬತ್ತದಲ್ವಾ ಮೇಡಮ್?"

ಬರುತ್ತದೆಂದು ರಂಜಿನಿ ತಲೆಯಾಡಿಸುವಷ್ಟರಲ್ಲಿ ಹುಡುಗಿ ಬಾಗಿಲು ದಾಟಿದ್ದಳು.